ಲೇತಿನ ಪಾದದಡಿಯ ಮೂರು ಮಿಲಿಮೀಟರ್

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾದವು. ಅಲ್ಲಿ ತಯಾರಾದ ಲೇತ್‌ಗಳು ಮಾತ್ರ ಇನ್ನೂ ತಿರುಗುತ್ತಿವೆ. ಬೆಂಗಳೂರಿನ ಎಚ್‌ಎಂಟಿಯ ಹಳೆಯ ಯಂತ್ರಗಳೂ ಹಾಗೆಯೇ ತಿರುಗುತ್ತಿವೆ. ಬೀಡು ಕಬ್ಬಿಣದ ಯಂತ್ರಕ್ಕೆ ಆಯುಷ್ಯ ಜಾಸ್ತಿ. ಅದಕ್ಕೇ ಮನೆಯ ಕಾರ್ ಶೆಡ್ಡಿನಲ್ಲೋ ಹಿತ್ತಿಲ ಕೋಣೆಯಲ್ಲೋ ಒಂದು ಪುಟ್ಟ ವರ್ಕ್‌ಶಾಪ್ ಕಟ್ಟಿಕೊಳ್ಳುವವರು ಸೆಕೆಂಡ್ ಹ್ಯಾಂಡ್ ಬೆಂಚ್ ಲೇತ್ ಹುಡುಕಿ ತರುತ್ತಾರೆ. ತಂದು, ಆಂಗಲ್ ಕಬ್ಬಿಣದಿಂದ ವೆಲ್ಡಿಂಗ್ ಮಾಡಿಸಿದ ಸ್ಟ್ಯಾಂಡಿನ ಮೇಲಿಟ್ಟು, ನಾಲ್ಕು ಬೋಲ್ಟ್ ಬಿಗಿದು, ಒಂದು ಕಬ್ಬಿಣದ ಸರಳು ಹಿಡಿಸಿ ಟರ್ನಿಂಗ್ ಹೊಡೆದು ನೋಡುತ್ತಾರೆ. ಸರಳಿನ ಒಂದು ತುದಿ ಒಂದು ಅಳತೆ, ಇನ್ನೊಂದು ತುದಿ ಇನ್ನೊಂದು ಅಳತೆ. ಟರ್ನರ್‌ಗಳ ಮಾತಿನಲ್ಲಿ ಹೇಳುವುದಾದರೆ ‘ಟೇಪರ್ ಬರುತ್ತಿದೆ’. ಮಾರಿದವನು ಸವೆದುಹೋದ ಯಂತ್ರ ದಾಟಿಸಿದ ಎಂಬ ಅನುಮಾನ ಆಗ ಹುಟ್ಟುತ್ತದೆ.

ಎಷ್ಟೋ ಸಲ ಯಂತ್ರದ ತಪ್ಪೇ ಇರುವುದಿಲ್ಲ. ತಪ್ಪಿರುವುದು ಅದನ್ನು ಕೂರಿಸಿದ ರೀತಿಯಲ್ಲಿ. ಲೇತಿನ ಬೆಡ್ ನೋಡಲು ದಪ್ಪ ಬೀಡು ಕಬ್ಬಿಣ; ಅದು ಬಾಗೀತೆಂದು ಯಾರಿಗೂ ಅನಿಸುವುದಿಲ್ಲ. ಆದರೆ ವೆಲ್ಡಿಂಗ್ ಆದ ಸ್ಟ್ಯಾಂಡಿನ ಮೇಲ್ಮೈ ಎಂದೂ ಪೂರ್ತಿ ಸಪಾಟಾಗಿ ಇರುವುದಿಲ್ಲ, ವೆಲ್ಡಿಂಗಿನ ಕಾವಿಗೇ ಅದು ಸೊಟ್ಟಗಾಗಿರುತ್ತದೆ. ನಾಲ್ಕು ಪಾದಗಳಲ್ಲಿ ಮೂರು ತಾಗಿ, ನಾಲ್ಕನೆಯದು ಕೂದಲೆಳೆಯಷ್ಟು ಮೇಲೆ ನಿಂತಿರುತ್ತದೆ. ಬೋಲ್ಟ್ ಬಿಗಿದಾಗ ಆ ಪಾದ ಕೆಳಗಿಳಿಯುತ್ತದೆ, ಜೊತೆಗೆ ಇಡೀ ಬೆಡ್ ತಿರುಚಿಕೊಳ್ಳುತ್ತದೆ. ಲೆಕ್ಕ ಹಾಕಿ ನೋಡೋಣ. ಪಾದಗಳ ನಡುವಿನ ಅಗಲ 150 ಮಿ.ಮೀ., ಬೆಡ್ಡಿನಿಂದ ಸರಳಿನ ನಡುಗೆರೆಯ ಎತ್ತರ 90 ಮಿ.ಮೀ. ಎಂದುಕೊಳ್ಳಿ. ಒಂದು ಪಾದ 0.1 ಮಿ.ಮೀ. ಇಳಿದು ಬೆಡ್ ಅಷ್ಟೂ ತಿರುಚಿಕೊಂಡರೆ, ಆ ತುದಿಯಲ್ಲಿ ಟೂಲಿನ ಮೊನೆ 0.06 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ. ಸರಳಿನ ವ್ಯಾಸದಲ್ಲಿ ಈ ವ್ಯತ್ಯಾಸ ಇಮ್ಮಡಿ, ಅಂದರೆ 0.12 ಮಿ.ಮೀ. ಒಂದು ಬೇರಿಂಗ್ ಕೂರಿಸುವ ಕೆಲಸಕ್ಕೆ ಇದು ತೀರಾ ಹೆಚ್ಚು. ಬೋಲ್ಟ್ ಸಡಿಲಿಸಿದರೆ ಅದೇ ಲೇತ್ ನೆಟ್ಟಗಾಗುತ್ತದೆ.

ಇದಕ್ಕೆ ಹಳೆಯ ಪರಿಹಾರಗಳು ಎರಡು. ಒಂದು, ಪಾದದಡಿಗೆ ಹಿತ್ತಾಳೆಯ ಅಥವಾ ಸ್ಟೀಲಿನ ತೆಳು ಹಾಳೆಯ ತುಂಡುಗಳನ್ನು, ಅಂದರೆ ಶಿಮ್‌ಗಳನ್ನು, ತೂರಿಸುವುದು. ಶಿಮ್ ಎತ್ತರದ ವ್ಯತ್ಯಾಸವನ್ನು ತುಂಬುತ್ತದೆ, ಓರೆಯನ್ನು ತುಂಬುವುದಿಲ್ಲ. ಪಾದದ ತಳ ಒಂದು ಕಡೆ ವಾಲಿದ್ದರೆ ಶಿಮ್ ಒಂದು ಅಂಚಿನಲ್ಲಷ್ಟೇ ತಾಗುತ್ತದೆ. ಬಿಗಿದಾಗ ಪಾದ ಮತ್ತೆ ಓರೆಯಾಗಿಯೇ ಎಳೆತಕ್ಕೆ ಸಿಕ್ಕಿಬೀಳುತ್ತದೆ. ಇನ್ನೊಂದು ಸ್ಕ್ರೇಪಿಂಗ್. ನೀಲಿ ಬಣ್ಣ ಹಚ್ಚಿ, ತಾಗುವ ಉಬ್ಬುಗಳನ್ನು ಗುರುತಿಸಿ, ಉಳಿಯಂಥ ಸ್ಕ್ರೇಪರಿನಿಂದ ಒಂದೊಂದೇ ಉಬ್ಬನ್ನು ಹೆರೆಯುತ್ತ ಹೋಗುವುದು. ಅದು ದೊಡ್ಡ ವಿದ್ಯೆ. ಕೈ ಪಳಗಲು ವರ್ಷಗಳು ಬೇಕು.

ಮೂರನೆಯ ದಾರಿ ಬೆಡ್ಡಿಂಗ್ ಕಾಂಪೌಂಡ್. ಪಾದ ಮತ್ತು ಸ್ಟ್ಯಾಂಡಿನ ನಡುವೆ ಬೇಕೆಂದೇ ಎರಡು ಮೂರು ಮಿಲಿಮೀಟರ್ ಸಂದು ಬಿಟ್ಟು, ಅಲ್ಲಿಗೆ ಎರಡು ಭಾಗದ ಎಪಾಕ್ಸಿ ತುಂಬುವುದು. ಅದು ಮೆತ್ತಗಿರುವಾಗ ಪಾದದ ತಳದ ಪ್ರತಿ ಉಬ್ಬುತಗ್ಗನ್ನೂ ಅಚ್ಚಿಗೆ ತೆಗೆದುಕೊಂಡು ಹಾಗೆಯೇ ಗಟ್ಟಿಯಾಗುತ್ತದೆ. ಆ ಪಾದಕ್ಕೆಂದೇ ಎರಕ ಹೊಯ್ದ ಪೀಠ ಅದು. ಹಡಗುಗಳಲ್ಲಿ ಟನ್‌ಗಟ್ಟಲೆ ಭಾರದ ಎಂಜಿನ್‌ಗಳನ್ನು ಎಪಾಕ್ಸಿ ಹಾಸಿನ ಮೇಲೆ ಕೂರಿಸುವ ಪದ್ಧತಿ ದಶಕಗಳಿಂದ ನಡೆದುಬಂದಿದೆ. ಅಮೆರಿಕದ ಬಂದೂಕು ಕುಶಲಕರ್ಮಿಗಳು ರೈಫಲ್ಲಿನ ಲೋಹದ ಭಾಗವನ್ನು ಮರದ ಹಿಡಿಕೆಯಲ್ಲಿ ಕೂರಿಸುವುದೂ ಹೀಗೆಯೇ. ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಗುರಿ ತಪ್ಪುವುದನ್ನು ತಡೆಯಲು ಅವರು ಕಂಡುಕೊಂಡ ಉಪಾಯವಿದು. ನಮ್ಮಲ್ಲಿ ಬಂದೂಕು ರಿಪೇರಿ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಪಡೆದವರು ಮಾಡಬೇಕಾದ ಕೆಲಸ. ಮನೆಯ ವರ್ಕ್‌ಶಾಪಿಗೆ ಸಲ್ಲುವುದಲ್ಲ. ಆದರೆ ಆ ಕುಶಲಕರ್ಮಿಗಳ ಒಂದು ಪರೀಕ್ಷಾ ವಿಧಾನ ಲೇತಿಗೂ ಹೊಂದುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಎಪಾಕ್ಸಿ ಎಂದರೆ ನಮ್ಮ ಮನೆಗಳಲ್ಲಿ ಎಂ-ಸೀಲ್, ಅರಾಲ್ಡೈಟ್. ಸೋರುವ ಪೈಪಿಗೆ ಒಂದು, ಮುರಿದ ಗೊಂಬೆಗೆ ಇನ್ನೊಂದು. ಹುಟ್ಟಿದ ಕಥೆ ನೋಡಿದರೆ ಇದು ಅಂಟಾಗಬೇಕೆಂದು ಹೊರಟ ವಸ್ತುವೇ ಅಲ್ಲ. ಸ್ವಿಟ್ಜರ್ಲೆಂಡಿನ ಪಿಯೇರ್ ಕಾಸ್ಟಾನ್ ಕೃತಕ ಹಲ್ಲುಸೆಟ್ಟಿನ ತಳಕ್ಕೆ ಒಗ್ಗುವ ವಸ್ತುವನ್ನು ಹುಡುಕುತ್ತಿದ್ದ. ಅಚ್ಚಿನಲ್ಲಿ ಹೊಯ್ದರೆ ಕುಗ್ಗಬಾರದು, ಬಾಯಿಯ ಅಳತೆ ತಪ್ಪಬಾರದು ಎಂಬುದು ಅವನ ಅಗತ್ಯ. 1938ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. ದಂತ ವೈದ್ಯದಲ್ಲಿ ಅದು ನಡೆಯಲಿಲ್ಲ. ಬಾಸೆಲ್ ನಗರದ ಸೀಬಾ ಕಂಪನಿ ಹಕ್ಕು ಪಡೆದು 1946ರಲ್ಲಿ ಅಲ್ಲಿನ ಕೈಗಾರಿಕಾ ಮೇಳದಲ್ಲಿ ಅರಾಲ್ಡೈಟ್ ಹೆಸರಿನಲ್ಲಿ ಅಂಟನ್ನು ಜನರ ಮುಂದಿಟ್ಟಿತು. ಅದೇ ಕಾಲಕ್ಕೆ ಅಮೆರಿಕದಲ್ಲಿ ಸಿಲ್ವನ್ ಗ್ರೀನ್‌ಲೀ ಪೇಂಟ್ ಕಂಪನಿಯೊಂದಕ್ಕಾಗಿ ಇದೇ ಜಾತಿಯ ರೆಸಿನ್ ಮಾಡಿದ. ಬೆಡ್ಡಿಂಗ್ ಕೆಲಸಕ್ಕೆ ಬೇಕಾಗಿರುವುದು ಕಾಸ್ಟಾನ್ ಹುಡುಕುತ್ತಿದ್ದ ಆ ಮೊದಲ ಗುಣವೇ: ಅಚ್ಚಿನ ಅಳತೆಗೆ ನಿಷ್ಠೆಯಾಗಿರುವುದು. ಅಂಟುವ ಗುಣ ಇಲ್ಲಿ ಅರ್ಧದಷ್ಟೇ ಬೇಕು, ಇನ್ನರ್ಧದಲ್ಲಿ ಅದೇ ತೊಡಕು.

ಕುಗ್ಗುವಿಕೆ ಕಡಿಮೆ ಏಕೆಂದರೆ, ರೆಸಿನ್ ಮತ್ತು ಹಾರ್ಡ್ನರ್ ಒಂದಕ್ಕೊಂದು ಸೇರುವಾಗ ಏನೂ ಹೊರಬೀಳುವುದಿಲ್ಲ. ಫೆವಿಕಾಲ್ ಒಣಗುವುದು ನೀರು ಆರಿ. ಬಣ್ಣ ಒಣಗುವುದು ತಿನ್ನರ್ ಆರಿ. ಎಪಾಕ್ಸಿ ಒಣಗುವುದೇ ಇಲ್ಲ, ಅದು ಹೆಣೆದುಕೊಳ್ಳುತ್ತದೆ. ರೆಸಿನ್ನಿನ ಅಣುವಿನ ತುದಿಗಳಲ್ಲಿ ಎರಡು ಇಂಗಾಲ, ಒಂದು ಆಮ್ಲಜನಕ ಸೇರಿದ ಬಿಗಿಯಾದ ತ್ರಿಕೋನ ಉಂಗುರಗಳಿವೆ. ಹಾರ್ಡ್ನರಿನಲ್ಲಿರುವ ಅಮೈನ್ ಎಂಬ ರಾಸಾಯನಿಕ ಆ ಉಂಗುರವನ್ನು ಬಿಡಿಸಿ ತನ್ನನ್ನು ಅಲ್ಲಿಗೆ ಕಟ್ಟಿಕೊಳ್ಳುತ್ತದೆ. ಅಮೈನಿನ ಒಂದು ಹೈಡ್ರೋಜನ್ನಿಗೆ ಒಂದು ಉಂಗುರ, ಇದು ಲೆಕ್ಕ. ಉಂಗುರ ಹೆಚ್ಚಾದರೆ ಜೋಡಿ ಸಿಗದೆ ಉಳಿಯುತ್ತವೆ, ಅಮೈನ್ ಹೆಚ್ಚಾದರೆ ಅದು ಉಳಿಯುತ್ತದೆ. ಎರಡೂ ಸಂದರ್ಭದಲ್ಲಿ ಹೆಣಿಗೆ ಸಡಿಲ.

‘ಬೇಗ ಗಟ್ಟಿಯಾಗಲಿ, ಸ್ವಲ್ಪ ಹಾರ್ಡ್ನರ್ ಜಾಸ್ತಿ ಹಾಕು’ ಎಂಬ ಮಾತು ನಮ್ಮ ವರ್ಕ್‌ಶಾಪುಗಳಲ್ಲಿ ಚಾಲ್ತಿಯಲ್ಲಿದೆ. ಅದು ಫೈಬರ್‌ಗ್ಲಾಸ್ ಕೆಲಸದಿಂದ ಬಂದದ್ದು. ಅಲ್ಲಿ ಬಳಸುವ ಪಾಲಿಯೆಸ್ಟರ್ ರೆಸಿನ್ನಿಗೆ ಹಾಕುವುದು ಶೇ 1ರಿಂದ 2ರಷ್ಟು ಕೆಟಲಿಸ್ಟ್. ಅದು ಕ್ರಿಯೆಗೆ ಕಿಡಿ ಹೊತ್ತಿಸುವ ಪದಾರ್ಥ, ಹೆಚ್ಚು ಕಡಿಮೆ ಮಾಡಿ ವೇಗ ಹೊಂದಿಸಿಕೊಳ್ಳಬಹುದು. ಎಪಾಕ್ಸಿಯ ಹಾರ್ಡ್ನರ್ ಅಂತಿಮ ವಸ್ತುವಿನಲ್ಲಿ ಅರ್ಧದ ಪಾಲುದಾರ. ಜಾಸ್ತಿ ಹಾಕಿದರೆ ಸಿಗುವುದು ರಬ್ಬರಿನಂಥ, ಒತ್ತಿದರೆ ತಗ್ಗುವ ಹಾಸು. ಲೇತಿನ ಕೆಳಗೆ ಅಂಥದ್ದು ಇದ್ದರೆ, ಬಿಗಿದ ಬೋಲ್ಟ್ ತಿಂಗಳೊಪ್ಪತ್ತಿನಲ್ಲಿ ತಾನೇ ಸಡಿಲವಾಗುತ್ತದೆ.

ಪ್ರಮಾಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮಾಮೂಲಿ ನಿಧಾನದ ಅರಾಲ್ಡೈಟನ್ನು ಗಾತ್ರದಲ್ಲಿ ಸಮಸಮ ಬೆರೆಸಬೇಕು. ತೂಕದಲ್ಲಿ ಅದೇ ಪ್ರಮಾಣ 100ಕ್ಕೆ 80 ಆಗುತ್ತದೆ. ರೆಸಿನ್ ಭಾರ, ಹಾರ್ಡ್ನರ್ ಹಗುರ. ಟ್ಯೂಬಿನಿಂದ ಎರಡು ಸಮನಾದ ಗೆರೆ ಎಳೆದು ಕಲಸುವವರಿಗೆ ಇದು ಬೇಡ. ಆದರೆ ಅಚ್ಚುಕಟ್ಟು ಮಾಡಲೆಂದು ಅಡುಗೆಯ ಡಿಜಿಟಲ್ ತಕ್ಕಡಿಯಲ್ಲಿ ಸಮಸಮ ತೂಗಿದರೆ ಹಾರ್ಡ್ನರ್ ಕಾಲು ಭಾಗದಷ್ಟು ಹೆಚ್ಚಾಯಿತೆಂದೇ ಅರ್ಥ. ಡಬ್ಬಿಯ ಮೇಲೆ ಎರಡೂ ಪ್ರಮಾಣ ಬರೆದಿರುತ್ತದೆ. ಯಾವುದು ಗಾತ್ರ, ಯಾವುದು ತೂಕ ಎಂದು ನೋಡಿಕೊಳ್ಳಬೇಕು.

ಯಾವುದನ್ನು ಕೊಳ್ಳಬೇಕು? ಯಂತ್ರದ ಪಾದಕ್ಕೆ ಸ್ಟೀಲ್ ಪುಡಿ ಬೆರೆಸಿಯೇ ಮಾರುವ ಪುಟ್ಟಿಯಂಥ ಎಪಾಕ್ಸಿ ಒಳ್ಳೆಯದು. ಪುಡಿ ಹೆಚ್ಚಿದಷ್ಟು ರೆಸಿನ್ ಕಡಿಮೆ, ಕುಗ್ಗುವಿಕೆ ಕಡಿಮೆ, ಬಿಸಿಗೆ ಹಿಗ್ಗುವುದೂ ಕಡಿಮೆ. ಐದು ನಿಮಿಷದ ಎಪಾಕ್ಸಿ ಇದಕ್ಕೆ ಬೇಡವೇ ಬೇಡ. ನಾಲ್ಕು ಪಾದಕ್ಕೆ ಹಚ್ಚಿ ಮುಗಿಯುವ ಮೊದಲೇ ಅದು ಕೈಕೊಡುತ್ತದೆ, ಬಿಸಿಗೆ ಬೇಗ ಮೆತ್ತಗಾಗುತ್ತದೆ. ಕೈಯಲ್ಲಿ ನಾದುವ ಎಂ-ಸೀಲ್ ತನ್ನ ಕೆಲಸದಲ್ಲಿ ಅಪ್ಪಟ, ಆದರೆ ಈ ಸಂದಿಗೆ ಅದು ತೀರಾ ಗಟ್ಟಿ. ಮೂಲೆಗಳಿಗೆ ಹರಿಯದೆ ಗಾಳಿಯನ್ನು ಒಳಗೇ ಹಿಡಿದಿಡುತ್ತದೆ.

ಇನ್ನು ತಯಾರಿ. ಈ ಕೆಲಸದ ಮುಕ್ಕಾಲು ಪಾಲು ಎಪಾಕ್ಸಿಯ ಡಬ್ಬಿ ತೆರೆಯುವ ಮೊದಲೇ ಮುಗಿದಿರಬೇಕು ಎಂಬುದು ನನ್ನ ದೃಢ ನಂಬಿಕೆ. ಎದುರುಬದುರು ಇರುವ ಎರಡು ಮೇಲ್ಮೈಗಳಲ್ಲಿ ಒಂದಕ್ಕೆ ಎಪಾಕ್ಸಿ ಜೀವಮಾನಕ್ಕೆ ಅಂಟಬೇಕು, ಇನ್ನೊಂದಕ್ಕೆ ಎಳ್ಳಷ್ಟೂ ಅಂಟಬಾರದು. ಅಂಟಬೇಕಾದದ್ದು ಸ್ಟ್ಯಾಂಡಿನ ಕಡೆ. ಅಲ್ಲಿ ಬಣ್ಣ, ತುಕ್ಕು ಪೂರ್ತಿ ಕಿತ್ತು, 80 ನಂಬರಿನ ಎಮರಿ ಪೇಪರಿನಲ್ಲಿ ಅಡ್ಡಡ್ಡ ಗೀರು ಬೀಳುವಂತೆ ಉಜ್ಜಬೇಕು. ಆಮೇಲೆ ಅಸಿಟೋನಿನಲ್ಲಿ ಅದ್ದಿದ ಬಿಳಿ ಬಟ್ಟೆಯಿಂದ, ಬಟ್ಟೆಗೆ ಕೊಳೆ ಬರುವುದು ನಿಲ್ಲುವವರೆಗೆ ಒರೆಸಬೇಕು. ಸೀಮೆಎಣ್ಣೆ, ಪೆಟ್ರೋಲ್ ಎಣ್ಣೆಯ ಪೊರೆ ಉಳಿಸುತ್ತವೆ. ಒರೆಸಿದ ಮೇಲೆ ಅಲ್ಲಿಗೆ ಬೆರಳೂ ತಾಗಬಾರದು. ಬೆರಳಿನ ಜಿಡ್ಡು ಸಾಕು, ಅಂಟು ಏಳಲು.

ಅಂಟಬಾರದ ಕಡೆ, ಅಂದರೆ ಲೇತಿನ ಪಾದದ ತಳಕ್ಕೆ, ಮೇಣದ ಪಾಲಿಶ್ ಹಚ್ಚಬೇಕು. ಕಾರಿಗೆ ಹಚ್ಚುವ ಗಟ್ಟಿ ವ್ಯಾಕ್ಸ್ ಆಗುತ್ತದೆ, ಬೂಟ್ ಪಾಲಿಶ್‌ನಿಂದಲೇ ಕೆಲಸ ಮುಗಿಸುವವರೂ ಇದ್ದಾರೆ. ದಪ್ಪಗೆ ಬಳಿಯುವುದಲ್ಲ. ತೆಳ್ಳಗೆ ಹಚ್ಚಿ, ಆರಲು ಬಿಟ್ಟು, ಉಜ್ಜಿ, ಮತ್ತೆ ಹಚ್ಚಬೇಕು. ಎಪಾಕ್ಸಿ ಆ ಮೇಣದ ದಪ್ಪವನ್ನೂ ಅಚ್ಚಿಗೆ ತೆಗೆದುಕೊಳ್ಳುತ್ತದೆ. ಬೋಲ್ಟಿನ ಮೈಗೆ, ಮರೆಗೆ, ನಟ್ಟಿಗೆ, ವಾಷರಿಗೆ ಮೇಣ ಮರೆತರೆ ಬೋಲ್ಟ್ ಅಲ್ಲೇ ಹೂತುಹೋಗುತ್ತದೆ. ಬೋಲ್ಟಿನ ಸುತ್ತ ಒಂದೆರಡು ಸುತ್ತು ಟೇಪ್ ಸುತ್ತಿದರೆ ಆಮೇಲೆ ತೂತಿನಲ್ಲಿ ಸ್ವಲ್ಪ ಸಡಿಲವೂ ಸಿಗುತ್ತದೆ.

ಎಲ್ಲಕ್ಕಿಂತ ಅಪಾಯದ್ದು ಒಳಗೊಳಗೇ ಹಬ್ಬುವ ಪೊಟರೆಗಳು. ಬೀಡು ಕಬ್ಬಿಣದ ಪಾದದ ತಳ ಹಲವು ಸಲ ಟೊಳ್ಳು. ಎಪಾಕ್ಸಿ ಅದರೊಳಗೆ ಏರಿ, ಬಾಯಿಗಿಂತ ಅಗಲವಾದ ಜಾಗ ತುಂಬಿ ಗಟ್ಟಿಯಾದರೆ, ಎಂಥ ಮೇಣವೂ ಬಿಡಿಸಲಾರದು. ಅದು ಅಂಟಿದ್ದಲ್ಲ, ಕೊಕ್ಕೆಯಂತೆ ಸಿಕ್ಕಿಕೊಂಡದ್ದು. ಮಕ್ಕಳು ಆಡುವ, ಎಣ್ಣೆಯಂಶದ ಬಣ್ಣದ ಜೇಡಿಯನ್ನು ಇಂಥ ಟೊಳ್ಳುಗಳಿಗೆಲ್ಲ ಮೊದಲೇ ತುಂಬಿ ಸಮ ಮಾಡಬೇಕು. ಅದೇ ಜೇಡಿಯಿಂದ ಪಾದದ ಸುತ್ತ ಚಿಕ್ಕ ಕಟ್ಟೆ ಕಟ್ಟಿದರೆ ಎಪಾಕ್ಸಿ ಹೊರಗೆ ಹರಿಯುವುದಿಲ್ಲ.

ಈಗ ಲೇತನ್ನು ಯಾವ ಸ್ಥಿತಿಯಲ್ಲಿ ಹಿಡಿದು ನಿಲ್ಲಿಸುತ್ತೇವೆ ಎಂಬುದೇ ಇಡೀ ಕೆಲಸದ ತಿರುಳು. ಎಪಾಕ್ಸಿ ಪ್ರಾಮಾಣಿಕ ವಸ್ತು. ಬೆಡ್ ಸೊಟ್ಟಗಿದ್ದಾಗ ತುಂಬಿದರೆ ಆ ಸೊಟ್ಟವನ್ನೇ ಖಾಯಂ ಮಾಡುತ್ತದೆ. ಆದ್ದರಿಂದ ಬೆಡ್ಡನ್ನು ಯಾವ ಎಳೆತವೂ ಇಲ್ಲದೆ, ತನ್ನಷ್ಟಕ್ಕೆ ತಾನು ಇರುವಂತೆ ನಿಲ್ಲಿಸಬೇಕು. ಅದಕ್ಕೆ ಮೂರೇ ಆಧಾರ ಸಾಕು, ಮೂರೇ ಇರಬೇಕು. ಮೂರು ಕಾಲಿನ ಮಣೆ ಎಂಥ ನೆಲದ ಮೇಲೂ ಕುಂಟುವುದಿಲ್ಲ, ತಿರುಚಿಕೊಳ್ಳುವುದೂ ಇಲ್ಲ. ಸರಳನ್ನು ಹಿಡಿಯುವ ಚಕ್ ಇರುವ ಭಾರದ ಕಡೆ ಎರಡು, ಇನ್ನೊಂದು ತುದಿಯಲ್ಲಿ ಅಗಲದ ನಟ್ಟನಡುವೆ ಒಂದು, ಹೀಗೆ ಮೂರು ಸ್ಕ್ರೂಗಳನ್ನು ಸ್ಟ್ಯಾಂಡಿನಿಂದ ಮೇಲಕ್ಕೆ ಒತ್ತುವಂತೆ ಕೊಟ್ಟು ಲೇತನ್ನು ಅವುಗಳ ಮೇಲೆ ನಿಲ್ಲಿಸಬೇಕು. ಸ್ಕ್ರೂ ತಿರುಗಿಸಿ, ರಸಮಟ್ಟ ಇಟ್ಟು, ಪಾದದಡಿ ಮೂರು ಮಿಲಿಮೀಟರಿನಷ್ಟು ಸಂದು ಬರುವಂತೆ ಎತ್ತರ ಹೊಂದಿಸಬೇಕು. ಹಿಡಿದುಕೊಳ್ಳುವ ಬೋಲ್ಟುಗಳು ಜಾಗದಲ್ಲಿ ಇರಲಿ, ಬಿಗಿಯಬಾರದು.

ಸಂದು ಮೂರು ಮಿಲಿಮೀಟರೇ ಏಕೆ, ಇಪ್ಪತ್ತಾದರೆ ಏನು? ಪುಡಿ ಬೆರೆಸದ ಎಪಾಕ್ಸಿ ಬಿಸಿಗೆ ಹಿಗ್ಗುವ ಪ್ರಮಾಣ ಬೀಡು ಕಬ್ಬಿಣದ ಸುಮಾರು ಐದು ಪಟ್ಟು. ಹಗಲಿಗೂ ರಾತ್ರಿಗೂ 15 ಡಿಗ್ರಿ ವ್ಯತ್ಯಾಸವಿದ್ದರೆ 20 ಮಿ.ಮೀ. ದಪ್ಪದ ಹಾಸು 0.018 ಮಿ.ಮೀ. ಏರಿಳಿಯುತ್ತದೆ. ಡಯಲ್ ಗೇಜಿನ ಒಂದು ಗೆರೆ 0.01 ಮಿ.ಮೀ., ಅಂದರೆ ಮುಳ್ಳಿಗೆ ಅದು ಕಾಣುತ್ತದೆ. 3 ಮಿ.ಮೀ. ಹಾಸಿನಲ್ಲಿ ಏರಿಳಿತ 0.003 ಮಿ.ಮೀ. ಕೂಡ ಮುಟ್ಟುವುದಿಲ್ಲ. ತೀರಾ ತೆಳ್ಳಗಾದರೆ ಗಟ್ಟಿ ಪುಟ್ಟಿ ಹರಡದೆ ಅಲ್ಲಲ್ಲಿ ಖಾಲಿ ಬಿಡುತ್ತದೆ. ಸಂದು ದೊಡ್ಡದಿದ್ದರೆ ಮೊದಲು ಒಂದು ಸ್ಟೀಲ್ ಪಟ್ಟಿ ವೆಲ್ಡ್ ಮಾಡಿಸಿ ಜಾಗ ತುಂಬಿಕೊಳ್ಳಿ.

ಕಲಸುವುದಕ್ಕೆ ಹಳೆಯ ಟೈಲಿನ ನುಣುಪು ಮೈ ಕಪ್ಪಿಗಿಂತ ಉತ್ತಮ. ಕಪ್ಪಿನ ಮೂಲೆಯಲ್ಲಿ ಬೆರೆಯದ ರೆಸಿನ್ ಉಳಿದು ಕೊನೆಯಲ್ಲಿ ಕೆರೆದು ಹಾಕಿದಾಗ ಅದೇ ಹಾಸಿನೊಳಗೆ ಅಂಟಂಟು ಮಚ್ಚೆಯಾಗುತ್ತದೆ. ಟೈಲಿನ ಮೇಲೆ ಪುಟ್ಟಿ ಬ್ಲೇಡಿನಿಂದ ಹರಡಿ, ಮಡಿಸಿ, ಒತ್ತಿ, ಮತ್ತೆ ಹರಡಿ, ಎಲ್ಲೂ ಗೆರೆ ಕಾಣದಂತೆ ಒಂದೇ ಬಣ್ಣ ಬರುವವರೆಗೆ ಕಲಸಬೇಕು. ಜೋರಾಗಿ ಕಡೆದರೆ ಗಾಳಿಗುಳ್ಳೆ ಸೇರುತ್ತವೆ. ಇನ್ನೊಂದು ಲಾಭ: ಎಪಾಕ್ಸಿ ಗಟ್ಟಿಯಾಗುವಾಗ ಬಿಸಿ ಹೊರಡುತ್ತದೆ. ಕಪ್ಪಿನಲ್ಲಿ ರಾಶಿಯಾಗಿದ್ದರೆ ಆ ಬಿಸಿ ಹೊರಹೋಗಲಾರದೆ ಕ್ರಿಯೆಯನ್ನು ಇನ್ನಷ್ಟು ಓಡಿಸುತ್ತದೆ. ಟೈಲಿನ ಮೇಲೆ ತೆಳ್ಳಗೆ ಹರಡಿದ್ದರೆ ತಣ್ಣಗಿದ್ದು ಕೆಲಸದ ಸಮಯ ಹೆಚ್ಚುತ್ತದೆ. ಚಳಿಗಾಲದಲ್ಲಿ ಕೆಲವೊಮ್ಮೆ ರೆಸಿನ್ ಬಾಟಲಿ ಹಾಲಿನಂತೆ ಬಿಳಿಚಿ, ಹರಳುಗಟ್ಟಿರುತ್ತದೆ. ಅದು ಕೆಟ್ಟಿದ್ದಲ್ಲ. ಮುಚ್ಚಳ ಬಿಗಿದು ಬಿಸಿನೀರಿನಲ್ಲಿ ಇಟ್ಟರೆ ತಿಳಿಯಾಗುತ್ತದೆ. ತಣಿದ ಮೇಲೆ ಬಳಸಬೇಕು.

ಹೊಂದಿಸಿದ ಸ್ಕ್ರೂಗಳು ಅಲುಗದಂತೆ ಲೇತನ್ನು ಮೇಲೆತ್ತಿ ಪಕ್ಕಕ್ಕಿಟ್ಟು, ಸ್ಟ್ಯಾಂಡಿನ ಉಜ್ಜಿದ ಮೈಗೆ ಮೊದಲು ಸ್ವಲ್ಪ ಮಿಶ್ರಣವನ್ನು ಬ್ಲೇಡಿನಿಂದ ಒತ್ತಿ ತೀಡಿ, ಗೀರುಗಳೊಳಗೆ ಇಳಿಸಬೇಕು. ಅದರ ಮೇಲೆ ಉಳಿದದ್ದನ್ನು ನಡುವೆ ದಿಬ್ಬದ ಹಾಗೆ ಪೇರಿಸಬೇಕು. ಇಬ್ಬರು ಸೇರಿ ಲೇತನ್ನು ನೇರವಾಗಿ ಇಳಿಸಿದಾಗ ದಿಬ್ಬ ನಡುವಿನಿಂದ ಅಂಚಿಗೆ ಹರಡುತ್ತ ಗಾಳಿಯನ್ನು ಹೊರಕ್ಕೆ ತಳ್ಳುತ್ತದೆ. ಸಪಾಟಾಗಿ ಸವರಿದ ಪದರದ ಮೇಲೆ ಇಳಿಸಿದರೆ ಗಾಳಿ ನಡುವೆ ಸಿಕ್ಕಿಬೀಳುತ್ತದೆ. ನಾಲ್ಕೂ ಅಂಚಿನಲ್ಲಿ ಮಿಶ್ರಣ ಸ್ವಲ್ಪ ಉಕ್ಕಿ ಬಂದರೆ ತುಂಬಿದೆ ಎಂದು ಗೊತ್ತಾಗುತ್ತದೆ. ಉಕ್ಕಿದ್ದನ್ನು ಒಡನೆಯೇ ಒರೆಸುವುದು ಬೇಡ. ತೊಗಲಿನಷ್ಟು ಗಟ್ಟಿಯಾದಾಗ ಚಾಕುವಿನಿಂದ ಕೊಯ್ದರೆ ಅಂಚು ಶುಚಿಯಾಗಿ ಬರುತ್ತದೆ.

ಕರ್ನಾಟಕದ ಹವೆಗೂ ಈ ಕೆಲಸಕ್ಕೂ ನೇರ ಸಂಬಂಧವಿದೆ. ಮಾಮೂಲಿ ನಿಧಾನದ ಎಪಾಕ್ಸಿ 100 ಗ್ರಾಂ ಕಲಸಿದರೆ 25 ಡಿಗ್ರಿಯಲ್ಲಿ ಸುಮಾರು ಒಂದೂವರೆ ಗಂಟೆ ಕೈಗೆ ಸಿಗುತ್ತದೆ. ಉಷ್ಣಾಂಶ 10 ಡಿಗ್ರಿ ಏರಿದರೆ ಆ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ನಿಧಾನವಾಗಿ ಮಾಡಬಹುದಾದ ಕೆಲಸಕ್ಕೆ ರಾಯಚೂರಿನ ಮೇ ತಿಂಗಳಲ್ಲಿ ಅರ್ಧ ಗಂಟೆಯೂ ಸಿಗಲಿಕ್ಕಿಲ್ಲ. ಅಲ್ಲಿ ಬೆಳಗಿನ ಜಾವವೇ ಸರಿಯಾದ ಹೊತ್ತು. ಕೋಣೆಯ ಉಷ್ಣಾಂಶದಲ್ಲಿ ಗಟ್ಟಿಯಾದ ಸಾಮಾನ್ಯ ಎಪಾಕ್ಸಿ 50–60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ ಎಂಬುದೂ ನೆನಪಿರಲಿ. ತಗಡಿನ ಸೂರಿನ ಕೆಳಗೆ, ಬಿಸಿಲು ನೇರವಾಗಿ ಬೀಳುವ ಕಡೆ ಲೇತ್ ಇಡುವವರು ಹೆಚ್ಚು ಕಾವು ತಡೆಯುವ ಜಾತಿಯದನ್ನೇ ಕೇಳಿ ಕೊಳ್ಳಬೇಕು. ಕರಾವಳಿಯ, ಮಲೆನಾಡಿನ ಮಳೆಗಾಲದ ತೊಂದರೆ ಬೇರೆ. ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನ ಜೊತೆ ಹಾರ್ಡ್ನರ್ ಸೇರಿ ಮೇಲ್ಮೈಯಲ್ಲಿ ಮೇಣದಂಥ ಜಿಗುಟು ಪೊರೆ ಕಟ್ಟುತ್ತದೆ. ಅದರ ಮೇಲೆ ಎರಡನೆಯ ಪದರ ಹಾಕಿದರೆ ಹಿಡಿಯದು. ಅಸಿಟೋನಿಗಿಂತ ಬರೀ ನೀರೇ ಆ ಪೊರೆಯನ್ನು ಚೆನ್ನಾಗಿ ತೊಳೆಯುತ್ತದೆ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಗಟ್ಟಿಯಾದ ಎಪಾಕ್ಸಿ ನಿರುಪದ್ರವಿ, ಹಸಿ ಎಪಾಕ್ಸಿ ಹಾಗಲ್ಲ. ಹಸಿ ರೆಸಿನ್, ಹಾರ್ಡ್ನರ್ ಎರಡೂ ಚರ್ಮದ ಅಲರ್ಜಿ ಹುಟ್ಟಿಸಬಲ್ಲವು. ಮೊದಮೊದಲು ಏನೂ ಆಗದಿರಬಹುದು. ಒಮ್ಮೆ ಮೈ ಅದನ್ನು ಶತ್ರುವೆಂದು ಗುರುತಿಸಿತೆಂದರೆ, ಆಮೇಲೆ ಬಿಂದುವಷ್ಟು ತಾಗಿದರೂ ತುರಿಕೆ, ಗುಳ್ಳೆ, ಸಾಮಾನ್ಯವಾಗಿ ಜೀವನಪೂರ್ತಿ. ಹೀಗಾಗಿ ಕೆಲಸವನ್ನೇ ಬಿಡಬೇಕಾದವರಿದ್ದಾರೆ. ನೈಟ್ರೈಲ್ ಗ್ಲೌಸ್ ಹಾಕಿ, ಕೊಳೆಯಾದ ಕೂಡಲೇ ಬದಲಿಸಿ. ಚರ್ಮಕ್ಕೆ ತಾಗಿದ್ದನ್ನು ತಿನ್ನರಿನಿಂದ ಒರೆಸುವ ಅಭ್ಯಾಸ ತೀರಾ ಕೆಟ್ಟದ್ದು, ಅದು ರೆಸಿನ್ನನ್ನು ಚರ್ಮದೊಳಕ್ಕೇ ಕೊಂಡೊಯ್ಯುತ್ತದೆ. ಸೋಪು, ನೀರು ಸಾಕು. ಉಜ್ಜುವಾಗ ಮಾಸ್ಕ್ ಇರಲಿ. ಮಿಕ್ಕ ಮಿಶ್ರಣವನ್ನು ಕಪ್ಪಿನಲ್ಲಿ ಹಾಗೆಯೇ ಕಸದ ಬುಟ್ಟಿಗೆ ಎಸೆಯಬೇಡಿ, ರಾಶಿಯಾಗಿದ್ದರೆ ಅದು ಹೊಗೆಯಾಡುವಷ್ಟು ಕಾಯಬಲ್ಲದು.

ಒಂದು ಹಗಲು ಒಂದು ರಾತ್ರಿ ಲೇತನ್ನು ಮುಟ್ಟಬಾರದು. ಉಗುರು ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಮೇಲೆ ಮೂರು ಸ್ಕ್ರೂಗಳನ್ನು ಹಿಂದಕ್ಕೆ ತಿರುಗಿಸಿ. ಭಾರವೆಲ್ಲ ಈಗ ಹಾಸಿನ ಮೇಲೆ. ಪೂರ್ತಿ ಬಲ ಬರಲು ಒಂದು ವಾರ ಬೇಕು, ಗಟ್ಟಿಯಾಗಿ ಬಿಗಿಯುವುದು ಅನಂತರ. ಬಿಗಿಯುವಾಗಲೇ ರೈಫಲ್ ಕುಶಲಕರ್ಮಿಗಳ ಆ ಪರೀಕ್ಷೆ. ಡಯಲ್ ಗೇಜಿನ ತಳವನ್ನು ಸ್ಟ್ಯಾಂಡಿಗೆ ಕಚ್ಚಿಸಿ, ಮೊನೆಯನ್ನು ಪಾದದ ಮೇಲಿಟ್ಟು ನಟ್ ಬಿಗಿಯಿರಿ, ಸಡಿಲಿಸಿ, ಮತ್ತೆ ಬಿಗಿಯಿರಿ. ಮುಳ್ಳು ಒಂದು ಗೆರೆಯೊಳಗೆ ನಿಂತರೆ ಪಾದ ತನ್ನ ಪೀಠದಲ್ಲಿ ಪೂರ್ತಿ ಕುಳಿತಿದೆ. ನಾಲ್ಕೈದು ಗೆರೆ ಓಡಿದರೆ ಒಳಗೆಲ್ಲೋ ಖಾಲಿ ಇದೆ. ಆ ಪಾದದ ಹಾಸನ್ನು ಕಿತ್ತು ಮತ್ತೆ ಮಾಡುವುದೇ ದಾರಿ. ಮೇಣ ಸರಿಯಾಗಿ ಹಚ್ಚಿದ್ದರೆ ರಬ್ಬರ್ ಸುತ್ತಿಗೆಯ ಒಂದು ಏಟಿಗೆ ಪಾದ ಬಿಟ್ಟುಕೊಳ್ಳುತ್ತದೆ.

ಇಷ್ಟಾಗಿಯೂ ಟೇಪರ್ ಉಳಿದರೆ, ಯಂತ್ರ ನಿಜಕ್ಕೂ ಸವೆದಿದೆ ಅಥವಾ ಚಕ್ಕಿನ ಕಡೆಯ ಹೆಡ್‌ಸ್ಟಾಕ್ ಓರೆಯಾಗಿದೆ. ಎಪಾಕ್ಸಿ ಅದನ್ನು ಸರಿಪಡಿಸದು. ಆದರೆ ಈಗ ಆ ದೋಷವನ್ನು ಸ್ಟ್ಯಾಂಡಿನ ದೋಷದಿಂದ ಬೇರ್ಪಡಿಸಿ ಅಳೆಯಬಹುದು, ಯಾವ ರಿಪೇರಿಗೆ ಹಣ ಹಾಕಬೇಕೆಂದು ತಿಳಿಯುತ್ತದೆ.

ಲೇತನ್ನು ಎಂದಾದರೂ ಎತ್ತಿ ಬೇರೆಡೆ ಸಾಗಿಸುವುದಿದ್ದರೆ, ಸ್ಟ್ಯಾಂಡನ್ನೂ ಜೊತೆಗೆ ಒಯ್ಯಿರಿ. ಪ್ರತಿ ಪಾದಕ್ಕೂ ಅದರ ಹಾಸಿಗೂ ಒಂದೇ ಸಂಖ್ಯೆಯನ್ನು ಪಂಚ್ ಹೊಡೆದೋ ಮಾರ್ಕರಿನಲ್ಲಿ ಬರೆದೋ ಇಡಿ. ಮತ್ತೆ ಕೂರಿಸುವ ಮೊದಲು ಹಾಸಿನ ಮೇಲೆ ಕಸ ಕಡ್ಡಿ, ಕಬ್ಬಿಣದ ಚೂರು ಇಲ್ಲವೆಂದು ಬೆರಳಾಡಿಸಿ ನೋಡಿ. ಸ್ಟ್ಯಾಂಡ್ ಹೊಸ ನೆಲದಲ್ಲಿ ನಿಂತ ರೀತಿ ಬದಲಾಗಿದ್ದರೆ ಹಾಸಿನ ಲೆಕ್ಕವೂ ಬದಲಾಗಿರುತ್ತದೆ. ಹಾಗಾಗಿ ರಸಮಟ್ಟ ಇಟ್ಟು ಸ್ಟ್ಯಾಂಡಿನ ಕಾಲುಗಳನ್ನು ಮೊದಲು ಹೊಂದಿಸಿ, ಆಮೇಲೆ ಡಯಲ್ ಗೇಜ್ ಹಿಡಿದು ನಾಲ್ಕೂ ನಟ್‌ಗಳನ್ನು ಒಂದೊಂದಾಗಿ ಬಿಗಿದು ಪರೀಕ್ಷಿಸಿ.